ಹೊಲ ಐತಿ, ಉತಾರದಾಗ ಹೆಸರಿಲ್ಲ

ಹೋದ ತಿಂಗಳ ಒಬ್ಬ ಪಿಎಚ್‌ಡಿ ಹುಡುಗ ಧಾರವಾಡದಾಗ ನನ್ನ ರೂಮಿಗೆ ಬಂದು ಲ್ಯಾಪ್‌ಟಾಪ್ ತಗದು "ಸರ, ಹೊಸ ಬ್ಯಾಕ್ಟೀರಿಯಾದ ಹೆಸರು ರೆಡಿ ಐತ್ರಿ, ಜೀನೋಮ್ ಒಂದ್ಸಲ ನೋಡಿಬಿಡ್ರಿ ಸಾಕು" ಅಂದ. ಕೂಸು ಹುಟ್ಟೂಕಿಂತ ಮೊದಲ ಕುಲಾವಿ ಹೊಲಿಸ್ಕೊಂಡು ಬಂದಿದ್ದ. ನವಲಗುಂದ ಕಡೆ ಕಡ್ಲಿ ಹೊಲದ ಎರಿ ಮಣ್ಣು, ಅದರಾಗಿನ ಡಿಎನ್‌ಎ ಎಲ್ಲಾ ಒಟ್ಟಿಗೆ ಸೀಕ್ವೆನ್ಸ್ ಮಾಡ್ಸಿ, ಕಂಪ್ಯೂಟರ್‌ನ್ಯಾಗ ತುಣುಕು ತುಣುಕು ಜೋಡ್ಸಿ ಒಂದು ಬ್ಯಾಕ್ಟೀರಿಯಾದ ಜೀನೋಮ್, ಅಂದ್ರ ಅದರ ಪೂರ್ತಿ ಡಿಎನ್‌ಎ, ಬ್ಯಾರೆ ಮಾಡಿದ್ದ. ಬ್ಯಾಕ್ಟೀರಿಯಾನ ಮಾತ್ರ ಯಾರೂ ಕಂಡಿಲ್ಲ, ಲ್ಯಾಬಿನ ಪ್ಲೇಟಿನ ಮ್ಯಾಲೆ ಬೆಳದೂ ಇಲ್ಲ.

ಮೊದಲಿನ ರೂಲ್ ಪ್ರಕಾರ ಇದಕ್ಕ ಹೆಸರ ಇಡಂಗಿಲ್ಲ. ಜೀವಂತ ಬ್ಯಾಕ್ಟೀರಿಯಾನ ಶುದ್ಧ ಮಾಡಿ ಬೆಳಸಬೇಕು, ಎರಡು ಬ್ಯಾರೆ ಬ್ಯಾರೆ ದೇಶದ ಕಲ್ಚರ್ ಬ್ಯಾಂಕಿನ್ಯಾಗ ಇಡಬೇಕು (ಅಂದ್ರ ಸೂಕ್ಷ್ಮಜೀವಿನ ಜೀವಂತ ಕಾಯ್ದಿಡೋ ಜಾಗ, ನಮ್ಮಲ್ಲೆ ಪುಣೆ, ಚಂಡೀಗಢದಾಗ ಅದಾವು), ಅದನ್ನ ಟೈಪ್ ಸ್ಟ್ರೇನ್ ಅಂತಾರ, ಹೆಸರಿನ ಗೂಟ ಅದ. ನಾಳೆ ಯಾರರ ಜಗಳ ತಗದ್ರ ಆ ಬಾಟ್ಲಿ ತಗದು ನೋಡ್ತಾರ. ಆದ್ರ ಮಣ್ಣಾಗಿನ ಬಹುಪಾಲು ಜೀವಿ ಲ್ಯಾಬಿನ್ಯಾಗ ಬೆಳಿಯಂಗೇ ಇಲ್ಲ. ಅಂಥವಕ್ಕ 1990ರ ದಶಕದಾಗ 'ಕ್ಯಾಂಡಿಡೇಟಸ್' ಅಂತ ಒಂದು ಪಟ್ಟಿ ಹಚ್ಚಿದ್ರು, ಅದು ಹೆಂಗಂದ್ರ ಅಜ್ಜನ ಕಾಲದಿಂದ ಉಳಿಮಿ ಮಾಡ್ಕೋತ ಬಂದ ಹೊಲ, ಉತಾರದಾಗ ಮಾತ್ರ ನಿಮ್ಮ ಹೆಸರಿಲ್ಲ. ಬಹಳ ವರ್ಷ ಆ ಹೆಸರಿಗೆ ಮೊದಲು ಇಟ್ಟವ್ರದ್ದ ಹಕ್ಕು ಅನ್ನೋದು ಇರ್ಲಿಲ್ಲ. ಜೀನೋಮ್ನ ಟೈಪ್ ಅಂತ ಒಪ್ಪರಿ ಅಂತ ಕೆಲವು ವಿಜ್ಞಾನಿಗಳು ಕೇಳಿದ್ದಕ್ಕ 2020ರಾಗ ಬ್ಯಾಕ್ಟೀರಿಯಾ ಹೆಸರಿನ ರೂಲ್ ನೋಡ್ಕೊಳ್ಳೋ ಅಂತರರಾಷ್ಟ್ರೀಯ ಕಮಿಟಿ ಆಗಂಗಿಲ್ಲ ಅಂತು. ಕೇಳ್ದವ್ರು ಸುಮ್ನ ಕೂಡ್ಲಿಲ್ಲ, 2022ರಾಗ ಸೀಕ್‌ಕೋಡ್ ಅಂತ ತಮ್ಮದ ಒಂದು ನಿಯಮಾವಳಿ ತಂದ್ರು. ಅದರಾಗ ಪಬ್ಲಿಕ್ ಡೇಟಾಬೇಸಿನ್ಯಾಗ ಇಟ್ಟ ಜೀನೋಮ್ ಟೈಪ್ ಆಗ್ತೈತಿ, ಆನ್‌ಲೈನ್ ರಿಜಿಸ್ಟ್ರಿ ಐತಿ, ಹೆಸರು ತುಂಬಿದ್ರ ಕ್ಯುರೇಟರ್, ಅಂದ್ರ ತಪಾಸಣೆ ಮಾಡೋ ತಜ್ಞರು, ಕುಂತು ಒಂದೊಂದ ನೋಡ್ತಾರ.

ಹುಡುಗನ ಜೀನೋಮ್ ತಗದು ನೋಡಿದೆ. ಕಂಪ್ಲೀಟ್‌ನೆಸ್ (ಜೀನೋಮ್ ಎಷ್ಟು ಪೂರ್ತಿ ಸಿಕ್ಕೇತಿ ಅನ್ನೋದು) 93%, ಕಂಟ್ಯಾಮಿನೇಶನ್ (ಬ್ಯಾರೆ ಜೀವಿದು ಎಷ್ಟು ಬೆರಕಿ ಅನ್ನೋದು) 7%. 93 ಅಂತ ಖುಷಿಯಾಗಿದ್ದ ಪಾಪ. ನಾ ಹೇಳ್ದೆ, ತಮ್ಮಾ, ಬ್ಯಾಡಗಿ ಮಾರ್ಕೆಟ್ಟಿನ್ಯಾಗ ಚೀಲ ತುಂಬೇತಿ ಅಂತ ರೇಟ್ ಕೊಡ್ತಾರೇನು, ಬ್ಯಾಡಗಿ ಕಾಯಿ ಒಳಗ ಗುಂಟೂರು ಕಾಯಿ ಎಷ್ಟು ಕೂಡ್ಯಾವು ಅಂತ ಕೈ ಹಾಕಿ ನೋಡ್ತಾರಿಲ್ಲೋ. ಸೀಕ್‌ಕೋಡ್‌ನವ್ರು ಕೇಳೋದು 90ಕ್ಕಿಂತ ಹೆಚ್ಚು ಕಂಪ್ಲೀಟ್, 5ಕ್ಕಿಂತ ಕಮ್ಮಿ ಬೆರಕಿ. ಇಬ್ರೂ ಮಧ್ಯಾಹ್ನ ಗಿರ್ಮಿಟ್ ತರ್ಸಿ ಕುಂತು ಒಂದೊಂದ ತುಣುಕು ನೋಡಿದ್ವಿ, ಕವರೇಜ್, ಅಂದ್ರ ಒಂದೊಂದ ತುಣುಕು ಎಷ್ಟು ಸಲ ಓದೇತಿ ಅನ್ನೋ ಲೆಕ್ಕ, ಎಲ್ಲಾ ಕಡೆ ಮೂವತ್ತರ ಸುತ್ತ ಇದ್ದಲ್ಲೆ ಒಂದು ಗುಂಪಿಗೆ ಬರೇ ಎಂಟು, ಜಿಸಿ ಪ್ರಮಾಣನೂ (ಡಿಎನ್‌ಎದಾಗ ಜಿ, ಸಿ ಅಕ್ಷರ ಎಷ್ಟು ಅನ್ನೋದು) ಬ್ಯಾರೆ, ಅಂದ್ರ ಎರಡನೇ ಬ್ಯಾಕ್ಟೀರಿಯಾ ಒಂದು ಒಳಗ ಹೊಕ್ಕಿತ್ತು. ಅವನ್ನ ತಗದ ಮ್ಯಾಲೆ ಕಂಪ್ಲೀಟ್ 91, ಬೆರಕಿ 2. ಹುಡುಗಗ ಎರಡು ಪರ್ಸೆಂಟ್ ಹೋತಲ್ಲ ಅಂತ ಸಂಕಟ.

ಆಮ್ಯಾಲೆ ಎಎನ್‌ಐ, ಅಂದ್ರ ಹೆಸರಿರೋ ಹತ್ತಿರದ ಜಾತಿ ಜೋಡಿ ಡಿಎನ್‌ಎ ಎಷ್ಟು ಹೋಲ್ತೈತಿ ಅನ್ನೋ ಲೆಕ್ಕ. 95%ಕ್ಕಿಂತ ಕಮ್ಮಿ ಬಂದ್ರ ಹೊಸ ಜಾತಿ ಅಂತ ಸಾಮಾನ್ಯವಾಗಿ ಒಪ್ತಾರ. ಇವಂದು 88, ಆ ವಿಷಯದಾಗ ತಕರಾರಿಲ್ಲ.

ತಕರಾರು ಲ್ಯಾಟಿನ್‌ದು. ಧಾರವಾಡೆನ್ಸಿಸ್ ಅಂತ ಇಟ್ಟಿದ್ದ, ಆದ್ರ ಇವನ ಬ್ಯಾಕ್ಟೀರಿಯಾದ ಜೀನಸ್ (ಕುಲ) ಹೆಸರು 'ಬ್ಯಾಕ್ಟೀರಿಯಮ್' ಅಂತ ಮುಗೀತೈತಿ, ಅದು ನಪುಂಸಕ ಲಿಂಗ, ಹಂಗಾಗಿ ಧಾರವಾಡೆನ್ಸೆ ಆಗಬೇಕು. ಬ್ಯಾಸಿಲಸ್ ಆಗಿದ್ರ ಪುಲ್ಲಿಂಗ, ಎನ್ಸಿಸ್ ನಡೀತಿತ್ತು. ನಮ್ಮ ಸಾಲ್ಯಾಗ ಸಂಸ್ಕೃತ ಮಾಸ್ತರು ಲಿಂಗ ತಪ್ಪಿದ್ರ ಕಿವಿ ಹಿಂಡ್ತಿದ್ರು, ಅದು ಇಲ್ಲಿ ಉಪಯೋಗಕ್ಕ ಬರ್ತೈತಿ ಅಂತ ಯಾರಿಗೆ ಗೊತ್ತಿತ್ತು. ಇನ್ನೊಂದು, ತಮ್ಮ ಹೆಸರು ತಾವ ಇಟ್ಕೊಳ್ಳೋದು ಈ ಮಂದ್ಯಾಗ ಚಂದ ಕಾಣಂಗಿಲ್ಲ, ಗೈಡ್ ಹೆಸರಿಟ್ಟು ಗೈಡ್‌ನ್ನ ಅದ ಪೇಪರಿನ್ಯಾಗ ಲೇಖಕ ಮಾಡೋದೂ ಅಷ್ಟ.

ನನ್ನ ಅಭಿಪ್ರಾಯ ಕೇಳಿದ್ರ, ಬೆಳಿಯೋ ಬ್ಯಾಕ್ಟೀರಿಯಾ ಇದ್ರ ಮೊದ್ಲು ಬೆಳಸ್ರಿ. ಜೀನೋಮಿನ್ಯಾಗ ನೈಟ್ರೋಜನ್ ಹಿಡಿಯೋ ನಿಫ್ ಜೀನ್ ಕಂಡ್ತು ಅಂದಕೂಡ್ಲೆ ಅದು ಹೊಲದಾಗ ನೈಟ್ರೋಜನ್ ಹಿಡಿತೈತಿ ಅಂತ ಬರಿಯೋದು ತಪ್ಪು, ಹುಡುಗ ಆ ಸಾಲು ಬರದಿದ್ದ, ಹೊಡ್ಸಿ ಹಾಕಿದೆ. ಮತ್ತ ಹಳೇ ಕಮಿಟಿ ಜೀನೋಮ್ ಟೈಪ್‌ನ್ನ ಒಪ್ಪಿಲ್ಲ, ಆದ್ರ ಸೀಕ್‌ಕೋಡ್ ಹಳೇ ರೂಲ್ ಪ್ರಕಾರ ಇಟ್ಟ ಹೆಸರಿನ ಹಕ್ಕು ಒಪ್ತೈತಿ, ಒಂದ ಊರಾಗ ಎರಡು ತಲಾಠಿ ಇದ್ದಂಗ ಆಗೇತಿ.

ಎಲ್ಲಾ ಸರಿ ಮಾಡಿ ಜೀನೋಮ್ ಅಪ್‌ಲೋಡ್ ಮಾಡು ಅಂದೆ. ಸಂಜಿಮುಂದ ಕಳಿಸಿದ ಫಾರ್ಮ್ ನೋಡಿದ್ರ ಸ್ಯಾಂಪಲ್ ತಗದ ಜಾಗ 75 ಉತ್ತರ, 15 ಪೂರ್ವ ಅಂತ ಐತಿ, ಅಕ್ಷಾಂಶ ರೇಖಾಂಶ ಅದಲು ಬದಲು. ನವಲಗುಂದದ ಕಡ್ಲಿ ಹೊಲ ನಾರ್ವೆ ಮ್ಯಾಲಿನ ತಂಪ ಸಮುದ್ರದಾಗ ಹೋಗಿ ಕುಂತಿತ್ತು. ಈಗ ಅದನ್ನ ತಿದ್ದಾಕತ್ತಾನ.