ಲಿಂಗನಮಕ್ಕಿ ತುಂಬಿದ್ರೂ ನಮ್ಮೂರಲ್ಲಿ ಕರೆಂಟ್ ಯಾಕಿಲ್ಲ?

ಪ್ರಶ್ನೆ: ನಮ್ಮದು ಸಾಗರ ತಾಲ್ಲೂಕು. ಲಿಂಗನಮಕ್ಕಿ ಡ್ಯಾಮ್ ಇರುವುದೂ ಇಲ್ಲೇ. ಅದು ತುಂಬುವ ಮಳೆಗಾಲದಲ್ಲೇ ನಮಗೆ ಎರಡು ಮೂರು ದಿನ ಕರೆಂಟ್ ಇರುವುದಿಲ್ಲ. ಯಾಕೆ?

ಉತ್ತರ: ಮಲೆನಾಡಿನವರು ಇದನ್ನು ಕೇಳಲೇಬೇಕು. ಶರಾವತಿ ನೀರಿಗೆ ಊರು, ಗದ್ದೆ, ತೋಟ ಬಿಟ್ಟು ಎದ್ದವರು ಇಲ್ಲಿನವರೇ ಅಲ್ವಾ?

ಮೊದಲು ನೀರಿನ ದಾರಿ ನೋಡೋಣ. 1964ರಲ್ಲಿ ಕಟ್ಟಿದ ಲಿಂಗನಮಕ್ಕಿಯ ಬುಡದಲ್ಲೇ 55 ಮೆಗಾವ್ಯಾಟ್‌ನ ಸಣ್ಣ ಪವರ್‌ಹೌಸ್ ಇದೆ. ಅಲ್ಲಿಂದ ಹೊರಬಿದ್ದ ನೀರು ತಳಕಳಲೆ ಜಲಾಶಯಕ್ಕೆ ಹೋಗುತ್ತದೆ. ಆಮೇಲೆ ದೊಡ್ಡ ಪೈಪುಗಳಲ್ಲಿ ಘಟ್ಟ ಇಳಿದು ಶರಾವತಿ ವಿದ್ಯುದಾಗಾರದ ಟರ್ಬೈನ್ ತಿರುಗಿಸುತ್ತದೆ. ಅಲ್ಲಿ 103.5 ಮೆಗಾವ್ಯಾಟ್‌ನ 10 ಘಟಕಗಳಿವೆ, ಒಟ್ಟು 1035. ಅದೇ ನೀರು ಗೇರುಸೊಪ್ಪೆಯಲ್ಲಿ ಇನ್ನೊಮ್ಮೆ ದುಡಿಯುತ್ತದೆ.

ಆದರೆ ಈ ಕರೆಂಟ್ ನೇರವಾಗಿ ನಿಮ್ಮ ಮನೆಗೆ ಬರುವುದಿಲ್ಲ. 220 ಕಿಲೋವೋಲ್ಟ್ ಲೈನ್ ಹಿಡಿದು ರಾಜ್ಯದ ಗ್ರಿಡ್, ಅಂದರೆ ಎಲ್ಲ ಕಡೆಯ ಕರೆಂಟ್ ಒಟ್ಟಾಗುವ ಜಾಲ ಸೇರುತ್ತದೆ. ರಾಯಚೂರಿನ ಕಲ್ಲಿದ್ದಲಿನ ಕರೆಂಟೂ ಅಲ್ಲಿಗೇ ಬರುತ್ತದೆ. ನಿಮಗೆ ಬರುವುದು ಆ ಗ್ರಿಡ್‌ನಿಂದ, ಹತ್ತಿರದ ಸಬ್‌ಸ್ಟೇಷನ್ ಮೂಲಕ, 11 ಕೆವಿ (ಕಿಲೋವೋಲ್ಟ್) ಫೀಡರ್‌ನಲ್ಲಿ, ಅಂದರೆ ಊರುಗಳ ಕಡೆ ಬರುವ ತಂತಿ ಲೈನಿನಲ್ಲಿ. ಊರಿನ ಟಿಸಿ (ಟ್ರಾನ್ಸ್‌ಫಾರ್ಮರ್) ಅದನ್ನು ಮನೆಗೆ ಬೇಕಾದಷ್ಟಕ್ಕೆ ಇಳಿಸುತ್ತದೆ.

ತೊಂದರೆ ಜಾಸ್ತಿ ಆಗುವುದು ಈ ಕೊನೆಯ ದಾರಿಯಲ್ಲೇ. ಫೀಡರ್ ಕಾಡು, ತೋಟ, ಗುಡ್ಡ ದಾಟಿ ಬರುತ್ತದೆ. ಗಾಳಿಗೆ ಒಂದು ಕೊಂಬೆ ಬಿದ್ದರೂ ಸಬ್‌ಸ್ಟೇಷನ್‌ನಲ್ಲಿ ಲೈನ್ ಟ್ರಿಪ್ ಆಗುತ್ತದೆ, ಅಂದರೆ ತಾನಾಗಿಯೇ ಆಫ್ ಆಗುತ್ತದೆ. ಎಲ್ಲಿ ಬಿದ್ದಿದೆ ಅಂತ ಗೊತ್ತಾಗಬೇಕಲ್ಲ? ಲೈನ್‌ಮನ್ ಲೈನಿನ ಮಧ್ಯದ ಸ್ವಿಚ್ ಆಫ್ ಮಾಡಿ ಸಬ್‌ಸ್ಟೇಷನ್ ಕಡೆಯ ಅರ್ಧಕ್ಕೆ ಮಾತ್ರ ಕರೆಂಟ್ ಕೊಡಿಸುತ್ತಾರೆ. ಅದು ಮತ್ತೆ ಟ್ರಿಪ್ ಆಗದಿದ್ದರೆ ಫಾಲ್ಟ್ ಸ್ವಿಚ್ಚಿನ ಆಚೆ ಇದೆ ಅಂತ ಲೆಕ್ಕ. ಆಮೇಲೆ ಕಂಬದಿಂದ ಕಂಬಕ್ಕೆ ನಡೆಯಬೇಕು, ಜಡಿಮಳೆಯಲ್ಲಿ, ಉಂಬಳದ (ಜಿಗಣೆ) ನಡುವೆ. ಮರ ಕಡಿದು, ಮುರಿದ ಕಂಬ ಬದಲಿಸುವಷ್ಟರಲ್ಲಿ ದಿನ ಕಳೆದಿರುತ್ತದೆ. ಆ ಕೆಲಸ ಮಾಡುವವರ ಮೇಲೆ ಸುಮ್ನೆ ಕೂಗಾಡಬೇಡಿ.

ಡ್ಯಾಮಿನಲ್ಲಿ ಇನ್ನಷ್ಟು ನೀರು ನಿಂತರೂ ಇದು ಸರಿಹೋಗುವುದಿಲ್ಲ. ಕಾಡಿನೊಳಗೆ ಬೋಳು ತಂತಿಯ ಬದಲು ಹೊದಿಕೆ ಇರುವ ಕೇಬಲ್ ಎಳೆಯಬೇಕು. ಮಳೆ ಹಿಡಿಯುವ ಮೊದಲೇ ಕೊಂಬೆ ಸವರಬೇಕು. ಖರ್ಚು ಜಾಸ್ತಿ, ನಿಜ. ಮುಳುಗಡೆಯ ನಾಡು ಇಷ್ಟನ್ನು ಕೇಳುವುದು ನ್ಯಾಯವೇ. ಗ್ರಾಮಸಭೆಯಲ್ಲಿ ಕೇಳುವಾಗ ಬರೀ ‘ಕರೆಂಟ್ ಕೊಡಿ’ ಅನ್ನಬೇಡಿ. ಯಾವ ಫೀಡರ್, ಯಾವ ಜಾಗದಲ್ಲಿ ಪದೇ ಪದೇ ಮರ ಬೀಳುತ್ತದೆ ಅಂತ ಬರೆದುಕೊಡಿ. ತಂತಿ ಹರಿದು ಬಿದ್ದಿದ್ದರೆ ಹತ್ತಿರ ಹೋಗದೆ 1912ಕ್ಕೆ ಫೋನ್ ಮಾಡಿ.