175 ಡಾಲರ್ ಬಿಲ್, 2 ಡಾಲರ್ ಕೂಲಿ

2005ರ ಆಗಸ್ಟ್ ಕೊನೆಯಲ್ಲಿ ಕತ್ರಿನಾ ಚಂಡಮಾರುತ ಬಡಿದಾಗ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದ ಶೇ 80ರಷ್ಟು ಭಾಗ ಮುಳುಗಿತು. ಚಾವಣಿ ಕಿತ್ತುಹೋದ ಮನೆಗಳಿಗೆ ತುರ್ತಾಗಿ ನೀಲಿ ಟಾರ್ಪಾಲು ಹೊದಿಸಬೇಕಿತ್ತು. ಟಾರ್ಪಾಲನ್ನು ಸರ್ಕಾರವೇ ಬಿಟ್ಟಿಯಾಗಿ ಕೊಟ್ಟಿತ್ತು. ಗುತ್ತಿಗೆದಾರರದು ಅದನ್ನು ಹಾಸಿ ಮೊಳೆ ಹೊಡೆಸುವ ಕೆಲಸ, ಅಷ್ಟೇ.

ಅದಕ್ಕೆ ದೊಡ್ಡ ಕಂಪನಿಗೆ ಸಿಕ್ಕಿದ್ದು 100 ಚದರಡಿಗೆ 175 ಡಾಲರ್. ಅದು ಕೆಲಸವನ್ನು ಇನ್ನೊಬ್ಬರಿಗೆ ವಹಿಸಿತು, ಅವರು ಮತ್ತೊಬ್ಬರಿಗೆ. ಕೊನೆಗೆ ಚಾವಣಿ ಹತ್ತಿ ಮೊಳೆ ಹೊಡೆದವರಲ್ಲಿ ಕೆಲವರಿಗೆ ಅದೇ 100 ಚದರಡಿಗೆ ದಕ್ಕಿದ್ದು ಬರೀ 2 ಡಾಲರ್. ಚಂಡಮಾರುತ ಬಿಟ್ಟುಹೋದ ಕಸದ ಕಥೆಯೂ ಇದೇ. ಪಕ್ಕದ ಮಿಸಿಸಿಪ್ಪಿ ರಾಜ್ಯದಲ್ಲಿ ಒಂದು ಘನ ಗಜ ಕಸಕ್ಕೆ ಸರ್ಕಾರ 23 ಡಾಲರ್ ಕೊಟ್ಟಿತು. ಕೈಯಿಂದ ಕೈಗೆ ಅದು 9, 8, 7 ಎಂದು ಇಳಿಯುತ್ತಾ ಹೋಯಿತು. ಸ್ವಂತ ಲಾರಿ ತಂದು ಕಸ ಹೊತ್ತವನಿಗೆ ಸಿಕ್ಕಿದ್ದು 3.

ಕದ್ದು ಸಿಕ್ಕಿಬಿದ್ದವರೂ ಇದ್ದರು. ಗುತ್ತಿಗೆದಾರರಿಂದ ಲಂಚ ತಿಂದ ನ್ಯೂ ಆರ್ಲಿಯನ್ಸ್‌ನ ಮಾಜಿ ಮೇಯರ್ ರೇ ನೇಗಿನ್‌ಗೆ 2014ರಲ್ಲಿ 10 ವರ್ಷ ಜೈಲಾಯಿತು. ಆದರೆ ಈ ಟಾರ್ಪಾಲಿನ ದುಡ್ಡಿಗೆ ಲಂಚವೇ ಬೇಕಿರಲಿಲ್ಲ. ಎಲ್ಲಕ್ಕೂ ಬಿಲ್ ಇತ್ತು, ಸಹಿ ಇತ್ತು. ತುರ್ತು ಅಂತ ಟೆಂಡರ್ ಇಲ್ಲದೆಯೇ ದೊಡ್ಡ ದೊಡ್ಡ ಗುತ್ತಿಗೆಗಳು ಹೋದವು. ಸಾಲದ್ದಕ್ಕೆ, ಸರ್ಕಾರಿ ಗುತ್ತಿಗೆಗಳಲ್ಲಿ ಸ್ಥಳೀಯ ದರದ ಕೂಲಿ ಕೊಡಬೇಕೆಂಬ ಕಾನೂನನ್ನು ಅಧ್ಯಕ್ಷ ಬುಷ್ ಎರಡು ತಿಂಗಳು ಅಮಾನತಿನಲ್ಲಿಟ್ಟರು. ಕಂಪನಿಯ ದರಕ್ಕೆ ಕಡಿವಾಣವಿಲ್ಲ, ಕೂಲಿಯವನ ದರಕ್ಕೆ ಮಾತ್ರ ಕತ್ತರಿ!

2006ರಲ್ಲಿ ಅಮೆರಿಕದ ಸಂಸತ್ತು ಈ ಸರಪಳಿಗೇ ಕೈಹಾಕಿತು. ತುರ್ತು ಗುತ್ತಿಗೆಯಲ್ಲಿ ಶೇ 65ಕ್ಕಿಂತ ಜಾಸ್ತಿ ಕೆಲಸವನ್ನು ಬೇರೆಯವರಿಗೆ ದಾಟಿಸುವಂತಿಲ್ಲ, ಗುತ್ತಿಗೆಗಳನ್ನು ಮೊದಲೇ ಕುದುರಿಸಿಟ್ಟುಕೊಳ್ಳಬೇಕು ಎಂದಿತು.

ಹನ್ನೊಂದು ವರ್ಷ ಕಳೆದು ಅಮೆರಿಕದ ಆಡಳಿತಕ್ಕೆ ಸೇರಿದ ದ್ವೀಪ ಪೋರ್ಟೊರಿಕೊಗೆ ಮರಿಯಾ ಚಂಡಮಾರುತ ಬಂತು. ಕೇಂದ್ರದ ವಿಪತ್ತು ಸಂಸ್ಥೆ ಫೀಮಾ 3 ಕೋಟಿ ಊಟದ ಗುತ್ತಿಗೆಯನ್ನು ಅಟ್ಲಾಂಟಾದ ಒಬ್ಬರೇ ನಡೆಸುವ ಸಂಸ್ಥೆಗೆ ಕೊಟ್ಟಿತು. ಮೊತ್ತ 15.6 ಕೋಟಿ ಡಾಲರ್. ತಲುಪಿದ ಊಟ 50 ಸಾವಿರ. ಅದರಲ್ಲೂ ಊಟವೇ ಬೇರೆ, ಬಿಸಿ ಮಾಡುವ ಪೊಟ್ಟಣವೇ ಬೇರೆ ಆಗಿ ಬಂದಿದ್ದವು. ಕರೆಂಟೇ ಇಲ್ಲದ ಊರಿಗೆ!

ಆ ಕರೆಂಟ್ ಸರಿಪಡಿಸುವ 30 ಕೋಟಿ ಡಾಲರ್ ಕೆಲಸ ಮೊಂಟಾನಾದ ವೈಟ್‌ಫಿಶ್ ಎನರ್ಜಿಗೆ ಸಿಕ್ಕಿತ್ತು. ಚಂಡಮಾರುತದ ಹೊತ್ತಿಗೆ ಅಲ್ಲಿದ್ದ ಪೂರ್ಣಾವಧಿ ನೌಕರರು ಇಬ್ಬರು. ಲೈನ್‌ಮನ್‌ನ ಒಂದು ಗಂಟೆಗೆ 319 ಡಾಲರ್ ಬಿಲ್. ಈ ಕೂಲಿ ದರವನ್ನು ಯಾರೂ ಆಡಿಟ್ ಮಾಡುವಂತಿಲ್ಲ ಅಂತ ಒಪ್ಪಂದದಲ್ಲೇ ಬರೆದಿತ್ತು. ಈ ಗುತ್ತಿಗೆ ಕೊಟ್ಟಿದ್ದು ಫೀಮಾ ಅಲ್ಲ, ದ್ವೀಪದ ಸರ್ಕಾರಿ ವಿದ್ಯುತ್ ಕಂಪನಿ. ಗದ್ದಲ ಎದ್ದ ಮೇಲೆ ಅಕ್ಟೋಬರ್ ಕೊನೆಗೆ ಅದು ರದ್ದಾಯಿತು. ಬಹುತೇಕ ಎಲ್ಲ ಮನೆಗಳಿಗೆ ಕರೆಂಟ್ ಬರುವಷ್ಟರಲ್ಲಿ 2018ರ ಆಗಸ್ಟ್ ಆಗಿತ್ತು.