ದೂರು ಕೊಟ್ಟರೆ ಮನೆ ಬಿಡಬೇಕಾಗುತ್ತಾ ಅಕ್ಕ?

"ಅಕ್ಕ, ನನ್ನ ಗಂಡ ಕುಡಿದು ಬಂದು ಹೊಡೀತಾನೆ. ಮನೆ ಅತ್ತೆ ಹೆಸರಲ್ಲಿದೆ. ದೂರು ಕೊಟ್ಟರೆ 'ನಮ್ಮ ಮನೆ ಬಿಟ್ಟು ನಡಿ' ಅಂತಾರೆ. ಅವನು ಜೈಲಿಗೆ ಹೋಗೋದು ನನಗೆ ಬೇಡ, ಹೊಡೆಯೋದು ನಿಂತರೆ ಸಾಕು. ಎಲ್ಲಿಗೆ ಹೋಗಲಿ?"

ಜಗಳೂರು ಕಡೆಯಿಂದ, ಹೊನ್ನಾಳಿ ಕಡೆಯಿಂದ, ದಾವಣಗೆರೆ ಪೇಟೆಯಿಂದಲೂ ಇದೇ ಪ್ರಶ್ನೆ ಬರುತ್ತದೆ. ಮಾತು ಬೇರೆ ಬೇರೆ, ಭಯ ಒಂದೇ. ಬಾಯಿ ಬಿಟ್ಟರೆ ಸೂರು ಹೋಗುತ್ತದೆ ಅನ್ನೋ ಭಯ.

ಮೊದಲು ಉತ್ತರ ಹೇಳಿಬಿಡುತ್ತೇನೆ. ನೀವು ಮನೆ ಬಿಡಬೇಕಾಗಿಲ್ಲ. ಗಂಡನನ್ನು ಜೈಲಿಗೆ ಕಳಿಸಲೇಬೇಕು ಅಂತಲೂ ಇಲ್ಲ.

ನಮ್ಮಲ್ಲಿ ಎರಡು ದಾರಿ ಇವೆ. ಒಂದು ಪೊಲೀಸ್ ಕೇಸು. ಗಂಡ, ಗಂಡನ ಮನೆಯವರ ಕ್ರೌರ್ಯಕ್ಕೆ ಹಾಕುವ ಕೇಸಿಗೆ ಹಿಂದೆ 498ಎ ಅನ್ನುತ್ತಿದ್ದೆವಲ್ಲ, ಅದು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85ನೇ ಸೆಕ್ಷನ್ ಆಗಿದೆ. ತಪ್ಪು ಸಾಬೀತಾದರೆ 3 ವರ್ಷದವರೆಗೆ ಜೈಲು, ಜೊತೆಗೆ ದಂಡ. ಇನ್ನೊಂದು ದಾರಿ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ. ಜಾಸ್ತಿ ಜನಕ್ಕೆ ಗೊತ್ತಿಲ್ಲದಿರುವುದು ಈ ಎರಡನೆಯದು. ಇಲ್ಲಿ ನೀವು ಕೋರ್ಟಿನಲ್ಲಿ ಕೇಳುವುದು ಶಿಕ್ಷೆಯನ್ನಲ್ಲ, ರಕ್ಷಣೆಯನ್ನು. ಹೊಡೆಯಬಾರದು, ಬೈಯಬಾರದು, ಕೆಲಸದ ಜಾಗಕ್ಕೆ ಬಂದು ರಂಪ ಮಾಡಬಾರದು ಅಂತ ನ್ಯಾಯಾಧೀಶರು ಆದೇಶ ಮಾಡುತ್ತಾರೆ. ಆ ಆದೇಶವನ್ನು ಅವನು ಮುರಿದರೆ ಮಾತ್ರ ಅದು ಅಪರಾಧ: 1 ವರ್ಷದವರೆಗೆ ಜೈಲು, ಇಲ್ಲವೇ 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಬೇಕಿದ್ದರೆ ಎರಡೂ ದಾರಿಯಲ್ಲಿ ಒಟ್ಟಿಗೇ ಹೋಗಬಹುದು.

ಹಿಂಸೆ ಅಂದರೆ ಹೊಡೆತ ಒಂದೇ ಅಲ್ಲ. ಹೆಣ್ಣು ಹೆತ್ತಳು ಅಂತ ಹಂಗಿಸುವುದು, ಮನಸ್ಸಿಲ್ಲದಿದ್ದರೂ ಮೈಮೇಲೆ ಬೀಳುವುದು, ಮಂಡಕ್ಕಿ ಭಟ್ಟಿಯಲ್ಲಿ ದಿನವಿಡೀ ಬೆಂದು ತಂದ ಕೂಲಿಯನ್ನು ಕಿತ್ತುಕೊಳ್ಳುವುದು, ಗೃಹಲಕ್ಷ್ಮಿ ಹಣ ಬಂದ ದಿನವೇ ಎಟಿಎಂ ಕಾರ್ಡ್ ಕಸಿದುಕೊಳ್ಳುವುದು, ತವರಿನ ಬಂಗಾರ ಅಡ ಇಡುವುದು, ಇದೆಲ್ಲವೂ ಈ ಕಾನೂನಿನ ಲೆಕ್ಕಕ್ಕೆ ಬರುತ್ತದೆ.

ಇನ್ನು ಎಲ್ಲಿಗೆ ಹೋಗಬೇಕು ಅನ್ನೋದು. ತಾಲ್ಲೂಕು ಕೇಂದ್ರದಲ್ಲಿ ಸಿಡಿಪಿಒ ಆಫೀಸ್ ಇರುತ್ತದೆ. ಅಂಗನವಾಡಿಗಳನ್ನು ನೋಡಿಕೊಳ್ಳುವ ಆಫೀಸ್. ಈ ಕಾಯ್ದೆಯಡಿ ಸಂರಕ್ಷಣಾಧಿಕಾರಿ ಅಂತ ಒಬ್ಬರಿರಬೇಕು. ನಮ್ಮ ತಾಲ್ಲೂಕುಗಳಲ್ಲಿ ಆ ಕೆಲಸ ಸಿಡಿಪಿಒ ಅವರದ್ದೇ. ಹೆಣ್ಣುಮಕ್ಕಳಿಗೆ ನಾನು ಮೊದಲು ಈ ಬಾಗಿಲನ್ನೇ ತೋರಿಸುತ್ತೇನೆ. ಸ್ಟೇಷನ್ ಮೆಟ್ಟಿಲು ಹತ್ತಿದರೆ ಸಂಜೆಯೊಳಗೆ ಊರಿಗೆಲ್ಲ ಸುದ್ದಿ. ಅಂಗನವಾಡಿ ಆಫೀಸಿಗೆ ಹೋಗಿದ್ದೆ ಅಂದರೆ ಯಾರೂ ಏನೂ ಕೇಳುವುದಿಲ್ಲ. ಊರಿನ ಅಂಗನವಾಡಿ ಟೀಚರಿಗೆ ಆ ಆಫೀಸಿನ ದಾರಿ ಗೊತ್ತು, ಅಲ್ಲಿ ಕೂರುವವರ ಹೆಸರೂ ಗೊತ್ತು. ಕೈಯಲ್ಲಿ ಕಾಸಿಲ್ಲದಿದ್ದರೂ ಆಧಾರ್ ಕಾರ್ಡ್ ತೋರಿಸಿ ಸರ್ಕಾರಿ ಬಸ್ಸಲ್ಲಿ ಹೋಗಿಬರಬಹುದು.

ಅಲ್ಲಿ ಅವರು ಕೌಟುಂಬಿಕ ಘಟನಾ ವರದಿ ಬರೆದುಕೊಳ್ಳುತ್ತಾರೆ. ಆಫೀಸಿನವರ ಮಾತಲ್ಲಿ ಡಿಐಆರ್. ಒಮ್ಮೆ ಒಬ್ಬ ಹೆಣ್ಣುಮಗಳ ಜೊತೆ ಅಂಥ ಆಫೀಸಿನ ಬೆಂಚಿನ ಮೇಲೆ ಕೂತಿದ್ದೆ. ಫಾರಂನಲ್ಲಿ ಘಟನೆಯ ತಾರೀಖು, ಹೊತ್ತು, ಜಾಗ ಬರೆಯಬೇಕು. "ತಾರೀಖು ಗೊತ್ತಿಲ್ಲ ಮೇಡಂ, ಮೆಕ್ಕೆಜೋಳ ಮುರಿಯೋ ಟೈಮು" ಅಂದಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಡುತ್ತಿದ್ದಳು. ಇನ್ನೊಂದು ಸಲ ಯಾವಾಗ ಅಂದರೆ, "ದುಗ್ಗಮ್ಮನ ಜಾತ್ರೆ ಆಗಿ ಎರಡನೇ ಮಂಗಳವಾರ." ಮೇಡಂ ಬೇಸರ ಮಾಡಿಕೊಳ್ಳಲಿಲ್ಲ. ಗೋಡೆಯ ಕ್ಯಾಲೆಂಡರ್ ಇಳಿಸಿಕೊಂಡು, ಹಾಳೆ ತಿರುವಿ, ಲೆಕ್ಕ ಹಾಕಿ ತಾರೀಖು ಬರೆದರು. ಆವತ್ತು ನನಗೆ ಅನ್ನಿಸಿದ್ದು ಇದು: ಎಲ್ಲ ನೆನಪಿದೆ ಆ ಹುಡುಗಿಗೆ, ಕೇಳುವವರು ಸಿಕ್ಕಿರಲಿಲ್ಲ ಅಷ್ಟೇ. ನಿಮಗೆ ತಾರೀಖು ನೆನಪಿಲ್ಲದಿದ್ದರೆ ಹಬ್ಬ ಹೇಳಿ, ಸುಗ್ಗಿ ಹೇಳಿ, ಮಗುವಿನ ಪರೀಕ್ಷೆ ಹೇಳಿ. ನಡೆಯುತ್ತದೆ.

ಆ ವರದಿ ಕೋರ್ಟಿಗೆ ಹೋಗುತ್ತದೆ. ಅರ್ಜಿ ಹಾಕಿದ ಮೇಲೆ ಸಾಮಾನ್ಯವಾಗಿ 3 ದಿನದೊಳಗೆ ಮೊದಲ ವಿಚಾರಣೆ ಇಡಬೇಕು, 60 ದಿನದಲ್ಲಿ ಮುಗಿಸಲು ನೋಡಬೇಕು ಅನ್ನುತ್ತದೆ ಕಾನೂನು. ನಿಜ ಹೇಳಬೇಕೆಂದರೆ ವಾಯಿದೆ ಮೇಲೆ ವಾಯಿದೆ ಬಿದ್ದು ತಡವಾಗುವುದು ಉಂಟು. ಅದಕ್ಕೇ ಮೊದಲ ದಿನವೇ ಮಧ್ಯಂತರ ಆದೇಶ, ಅಂದರೆ ಕೇಸು ಮುಗಿಯುವ ತನಕದ ರಕ್ಷಣೆ ಕೇಳಿ. ಪರಿಸ್ಥಿತಿ ಕೆಟ್ಟದಾಗಿದ್ದರೆ ಗಂಡ ಕೋರ್ಟಿಗೆ ಬರುವ ಮೊದಲೇ ಆದೇಶ ಕೊಡುವ ಅಧಿಕಾರ ನ್ಯಾಯಾಧೀಶರಿಗಿದೆ. ವಕೀಲರ ಫೀಸಿನ ಚಿಂತೆ ಬೇಡ. ಎಷ್ಟೇ ಆದಾಯ ಇರಲಿ, ಹೆಣ್ಣುಮಕ್ಕಳಿಗೆ ಉಚಿತ ಕಾನೂನು ನೆರವು ಸಿಗುತ್ತದೆ. ಕೋರ್ಟ್ ಆವರಣದಲ್ಲೇ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಇರುತ್ತದೆ. ಫೋನಿನಲ್ಲಿ ಕೇಳುವುದಾದರೆ 15100.

ಈಗ ಮನೆ ವಿಚಾರ. ಇದನ್ನು ನಿಧಾನವಾಗಿ ಓದಿ. ನೀವು ಗಂಡನ ಜೊತೆ ಬಾಳಿದ ಮನೆಯಲ್ಲಿ ಇರುವ ಹಕ್ಕು ನಿಮಗಿದೆ. ಖಾತೆಯಲ್ಲಿ ನಿಮ್ಮ ಹೆಸರು ಬೇಕಾಗಿಲ್ಲ. ಗಂಡನ ಹೆಸರೂ ಇರಬೇಕಾಗಿಲ್ಲ. ಮನೆ ಅತ್ತೆ ಮಾವನದ್ದಾದರೂ ಈ ಹಕ್ಕು ಇರುತ್ತದೆ ಅಂತ 2020ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಟ್ರಂಕು ಅಂಗಳಕ್ಕೆ ಎಸೆದು "ನಡಿ" ಅನ್ನುವ ಹಾಗಿಲ್ಲ. ಗಂಡನೇ ಸ್ವಲ್ಪ ಕಾಲ ಹೊರಗಿರಲಿ ಅಂತಲೂ ಕೋರ್ಟು ಹೇಳಬಹುದು. ಆದರೆ ಅತ್ತೆಯನ್ನಾಗಲಿ ನಾದಿನಿಯನ್ನಾಗಲಿ ಮನೆಯಿಂದ ಹೊರಗೆ ಕಳಿಸುವ ಆದೇಶ ಈ ಕಾಯ್ದೆಯಲ್ಲಿ ಇಲ್ಲ. ನಿಮಗೆ ತೊಂದರೆ ಕೊಡಬೇಡಿ ಅಂತ ಅವರಿಗೆ ಆದೇಶ ಮಾಡಬಹುದು, ಅಷ್ಟೇ. ಅತ್ತೆ ಮಾವಂದಿರಿಗೆ ವಯಸ್ಸಾಗಿದ್ದರೆ ಅವರ ನೆಮ್ಮದಿಯನ್ನೂ ಕೋರ್ಟು ತೂಗಿ ನೋಡುತ್ತದೆ. ಹಾಗಾದಾಗ ನಿಮಗೆ ಅಂಥದ್ದೇ ಬೇರೆ ಮನೆ ಮಾಡಿಕೊಡು, ಇಲ್ಲ ಬಾಡಿಗೆ ಕಟ್ಟು ಅಂತ ಗಂಡನಿಗೆ ಹೇಳಬಹುದು. ಏನೇ ಆದರೂ ಬೀದಿಗೆ ಬಿಡುವುದಿಲ್ಲ. ಖರ್ಚಿಗೆ ಹಣ, ಮಕ್ಕಳ ತಾತ್ಕಾಲಿಕ ಸುಪರ್ದಿ, ನಿಮ್ಮ ಒಡವೆ ವಾಪಸು, ಎಲ್ಲವನ್ನೂ ಅದೇ ಅರ್ಜಿಯಲ್ಲಿ ಕೇಳಬಹುದು.

ಇದೆಲ್ಲ ಹಗಲಿನ ಮಾತು. ರಾತ್ರಿ ಹೊತ್ತು ಹೊಡೆತ ಬಿದ್ದರೆ 112. ಪೊಲೀಸ್ ಗಾಡಿ ಬರುತ್ತದೆ. ಮಾತಾಡಲು, ದಾರಿ ಕೇಳಲು 181, ಅದು ಮಹಿಳಾ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ. ಗಂಡ ಫೋನ್ ನೋಡುವವನಾದರೆ ಕರೆ ಮಾಡಿದ ನಂಬರನ್ನು ಆಮೇಲೆ ಅಳಿಸಿಬಿಡಿ. ಆ ರಾತ್ರಿ ಮನೆಯಲ್ಲಿ ಇರಲು ಸಾಧ್ಯವೇ ಇಲ್ಲ ಅಂದರೆ ಜಿಲ್ಲೆಗೊಂದು ಸಖಿ ಕೇಂದ್ರ ಇದೆ. ದಾವಣಗೆರೆಗೂ ಇದೆ, ಚಿತ್ರದುರ್ಗಕ್ಕೂ ಇದೆ. 5 ದಿನದವರೆಗೆ ಅಲ್ಲೇ ಇರಬಹುದು. ಚಿಕಿತ್ಸೆ, ಪೊಲೀಸ್, ವಕೀಲರ ನೆರವನ್ನು ಅಲ್ಲಿಂದಲೇ ಮಾಡಿಕೊಡುತ್ತಾರೆ. ಜಾಗ ಗೊತ್ತಿಲ್ಲದಿದ್ದರೆ 181ರಲ್ಲೇ ಕೇಳಿ.

ಆಸ್ಪತ್ರೆಗೆ ಹೋದಾಗ ಒಂದು ತಪ್ಪು ಮಾಡಬೇಡಿ, ಕೈ ಮುಗಿದು ಕೇಳುತ್ತೇನೆ. ಡಾಕ್ಟರ್ "ಏನಾಯ್ತಮ್ಮ" ಅಂದಾಗ "ಬಚ್ಚಲಲ್ಲಿ ಜಾರಿ ಬಿದ್ದೆ" ಅನ್ನಬೇಡಿ. ಪಕ್ಕದಲ್ಲಿ ಗಂಡನೋ ಅತ್ತೆಯೋ ನಿಂತಿರುತ್ತಾರೆ, ಬಾಯಿ ಬರುವುದಿಲ್ಲ, ಗೊತ್ತು. ಅವರನ್ನು ಹೊರಗೆ ಕಳಿಸಿ ಅಂತ ನರ್ಸ್ ಹತ್ತಿರ ಮೆಲ್ಲಗೆ ಹೇಳಿ. ನೀವು ಹೇಳಿದ್ದನ್ನೇ ಚೀಟಿಯಲ್ಲಿ ಬರೆಯುತ್ತಾರೆ. ಜಾರಿ ಬಿದ್ದೆ ಅಂತ ಒಮ್ಮೆ ಬರೆಸಿದರೆ ಆರು ತಿಂಗಳಾದ ಮೇಲೆ ಕೋರ್ಟಿನಲ್ಲಿ ಎದುರಿನ ವಕೀಲರು ಅದನ್ನೇ ಓದಿ ತೋರಿಸುತ್ತಾರೆ. ಎಂಎಲ್‌ಸಿ ಮಾಡಿ ಅಂತ ನೀವೇ ಕೇಳಿ. ಅಂದರೆ ಪೊಲೀಸ್, ಕೋರ್ಟಿಗೆ ಬೇಕಾಗುವ ಹಾಗೆ ಗಾಯವನ್ನು ಆಸ್ಪತ್ರೆಯವರು ದಾಖಲು ಮಾಡುವುದು.

ಸ್ಟೇಷನ್ನಿನಲ್ಲಿ ಮುಚ್ಚಳಿಕೆ ಬರೆಸಿ, ಬುದ್ಧಿ ಹೇಳಿ ಕಳಿಸುವುದು ಜಾಸ್ತಿ. ಊರ ಕಟ್ಟೆಯ ಮೇಲೂ ಅಷ್ಟೇ, "ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ" ಅಂದು ಎದ್ದು ಹೋಗುತ್ತಾರೆ. ರಾಜಿಗೆ ಒಪ್ಪುವುದು ಬಿಡುವುದು ನಿಮಗೆ ಬಿಟ್ಟದ್ದು. ಆದರೆ ದೂರು ಬರವಣಿಗೆಯಲ್ಲಿ ಕೊಡಿ, ಸ್ವೀಕೃತಿ ಕೇಳಿ ತೆಗೆದುಕೊಳ್ಳಿ. ಮುಚ್ಚಳಿಕೆಯ ನಕಲೂ ಕೈಯಲ್ಲಿರಲಿ. ಮುಂದೊಂದು ದಿನ ಅವನು ಮತ್ತೆ ಕೈ ಎತ್ತಿದರೆ ಆ ಕಾಗದವೇ ನಿಮ್ಮ ಸಾಕ್ಷಿ.

ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್, ಮಕ್ಕಳ ಜನನ ಪತ್ರ, ಲಗ್ನಪತ್ರಿಕೆ, ಮದುವೆಯ ಒಂದು ಫೋಟೋ, ಇವುಗಳ ಜೆರಾಕ್ಸ್ ಮಾಡಿಸಿ ನಂಬಿಕೆಯ ನೆರೆಯವರ ಮನೆಯಲ್ಲೋ ತವರಲ್ಲೋ ಇಟ್ಟುಬಿಡಿ. ಇದನ್ನು ಇವತ್ತೇ ಮಾಡಬಹುದು. ನೆರೆಯವರೂ ಇದನ್ನು ಓದುತ್ತಿದ್ದರೆ ಒಂದು ಮಾತು: ಗೋಡೆಯಾಚೆ ಕೂಗು ಕೇಳಿದಾಗ ನೀವೇ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಒಳ್ಳೆಯ ಮನಸ್ಸಿನಿಂದ ತಿಳಿಸಿದವರ ಮೇಲೆ ಕೇಸು ಬರುವುದಿಲ್ಲ ಅಂತ ಕಾಯ್ದೆಯಲ್ಲೇ ಬರೆದಿದೆ.

ಆಗಲೇ ಮನೆ ಬಿಟ್ಟು ತವರಿಗೆ ಬಂದಿರುವವರು ಕೇಳುವುದು ಇನ್ನೊಂದಿದೆ: ಕೇಸನ್ನು ಗಂಡನ ಊರಲ್ಲೇ ಹಾಕಬೇಕಾ? ಬೇಡ. ನೀವು ಈಗ ಎಲ್ಲಿದ್ದೀರೋ, ತಾತ್ಕಾಲಿಕವಾಗಿ ಇದ್ದರೂ ಸರಿ, ಅಲ್ಲಿನ ಕೋರ್ಟಿನಲ್ಲೇ ಹಾಕಬಹುದು. ಹೊಳಲ್ಕೆರೆಗೆ ಮದುವೆ ಮಾಡಿಕೊಟ್ಟ ಮಗಳು ಚನ್ನಗಿರಿಯ ತವರಿನಲ್ಲಿದ್ದರೆ ಚನ್ನಗಿರಿಯಲ್ಲೇ ಅರ್ಜಿ ಕೊಡಬಹುದು. ವಾಯಿದೆಗೆ ಬಸ್ ಹತ್ತಿ ಬರಬೇಕಾದವನು ಅವನು.